ಬಲಗಡೆಯಿಂದ ತೆರೆದ ಪುಸ್ತಕ

ಜನವರಿ 8, ಬುಧವಾರ

ಕಾಲೇಜಿನಿಂದ ಬಂದೆ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದವರೆಗೆ ಬಸ್ಸಿನಲ್ಲಿ ಎಂದಿನಂತೆ ನಿಂತೇ. ಮೇಡಂ ಎಂದು ಸೀಟು ಬಿಟ್ಟುಕೊಡುವ ಕಾಲ ಮುಗಿಯಿತು, ಅಜ್ಜಿ ಎಂದು ಬಿಟ್ಟುಕೊಡುವ ಕಾಲ ಇನ್ನೂ ಬಂದಿಲ್ಲ. ನಡುವಿನ ನರಕ.

ಭಾಯಿಯ ಆಕ್ಸಿಜನ್ ಯಂತ್ರದ ಬಾಟಲಿಗೆ ಕಾಯಿಸಿ ಆರಿಸಿದ ನೀರು ತುಂಬಿಸಿದೆ. ಗುಳುಗುಳು ಸದ್ದು. ಒಂದು ಕಾಲಕ್ಕೆ ಮನೆಯ ಹಿಂದಿನ ಶೆಡ್ಡಿನಲ್ಲಿ ಇದೇ ಸದ್ದು — ರೇಷ್ಮೆಗೂಡು ಬೇಯುವ ಬಿಸಿನೀರಿನದು. ಭಾಯಿ, ಅಂದರೆ ಬಾಬಾಜಾನ್, ನನ್ನ ಒಬ್ಬನೇ ಅಣ್ಣ, ಹತ್ತು ವರ್ಷ ದೊಡ್ಡವನು. ಉರ್ದು ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿ ಆ ಹಬೆಯ ಮುಂದೆ ಕೂತವನು ಹೋದ ವರ್ಷದವರೆಗೂ ಏಳಲಿಲ್ಲ. ಅಲ್ಲಿ ನೂಲು ಎಳೆದ. ಈಗ ಮಂಚದ ಮೇಲೆ ಉಸಿರು ಎಳೆಯುತ್ತಾನೆ. ಕಸುಬು ಬದಲಾಗಿಲ್ಲ ಭಾಯಿ, ಮಾಲು ಬದಲಾಗಿದೆ ಅಷ್ಟೇ ಎಂದೆ. ನಕ್ಕ. ನಕ್ಕಿದ್ದಕ್ಕೆ ಕೆಮ್ಮು. ಅತ್ತಿಗೆ, ಷಮೀಮ್ ಭಾಭಿ, ಅಡುಗೆಮನೆಯಿಂದ ಇಣುಕಿ ಕಣ್ಣು ಬಿಟ್ಟಳು.

"ನಗಿಸಬೇಡಿ ಅಂತ ಡಾಕ್ಟ್ರು ಹೇಳಿಲ್ವಾ?"

"ಡಾಕ್ಟ್ರು ಬೀಡಿ ಬಿಡು ಅಂದ್ರು. ಶೆಡ್ ಬಿಡು ಅಂದ್ರು. ತಂಗೀನ ಬಿಡು ಅಂದಿಲ್ಲ," ಎಂದ ಭಾಯಿ. ಅಷ್ಟು ಹೇಳುವುದಕ್ಕೆ ನಡುನಡುವೆ ನಿಂತು, ಬಾಯಿ ತೆರೆದು, ಮೀನಿನ ಹಾಗೆ.

ಮನೆಯ ಮಾತು ಉರ್ದು. ಇಲ್ಲಿ ಬರೆಯುವಾಗ ಕನ್ನಡವಾಗಿಬಿಡುತ್ತದೆ. ತರ್ಜುಮೆಯ ಚಟ. ಬೀಡಿಗಿಂತ ಬಿಡಲು ಕಷ್ಟ.

ಜನವರಿ 12, ಭಾನುವಾರ

ಮುರಳಿಮೋಹನ್ ಬಂದಿದ್ದ. ನನ್ನ ಹಳೇ ವಿದ್ಯಾರ್ಥಿ, ಗೌರಿಬಿದನೂರಿನವನು. ಮಕ್ಕಳ ಪುಸ್ತಕ ಅಚ್ಚು ಹಾಕುತ್ತಾನೆ. ಇಂಟರ್‌ನೆಟ್ಟಿನಿಂದ ಇಳಿಸಿ ಪ್ರಿಂಟ್ ತೆಗೆದ ಒಂದು ಕಟ್ಟು ಕಾಗದ ಮುಂದಿಟ್ಟ.

"ಮೇಡಂ, ಹಳೇ ಅಮೆರಿಕನ್ ರೈಟರ್ರು. ಹುಡುಗರಿಗೆ ಐತಿಹಾಸಿಕ ಸಾಹಸ ಕಥೆ ಬರೀತಿದ್ರಂತೆ. ಕಾಪಿರೈಟ್ ಮುಗಿದು ಕಾಲ ಆಗಿದೆ. ನೀವು ಕನ್ನಡ ಮಾಡ್ಕೊಡಿ."

"ಮಾಡೋಣ. ಆಸಾಮಿ ಹೆಸರೇನು?"

"ಓಬಡಾಯ ಟ್ರಾಸ್ಕ್."

"ಓಬಳಪ್ಪ ಅನ್ನು. ನಮ್ಮ ಪೆರೇಸಂದ್ರದ ಕಡೆಯವರ ಹಾಗಿದೆ."

ಹುಡುಗ ನಕ್ಕ. ಒಂದು ಪುಟದಲ್ಲಿ ಲೇಖಕರ ಪರಿಚಯವೂ ಬೇಕಂತೆ. ಮಾರ್ಚ್ ಕೊನೆಗೆ ಮುಗಿಯಬೇಕಂತೆ.

ಓಬಳಪ್ಪನ ಕಥೆ: ಕರಡಿಹೊಳೆ ಎಂಬ ಕಡೆ ನಗಾರಿ ಬಾರಿಸುವ ಹುಡುಗ, ನಥಾನಿಯಲ್, ಸಿಪಾಯಿಗಳ ಜೊತೆ ಹಡಗಿನಲ್ಲಿ ಬಂದಿಳಿಯುತ್ತಾನೆ. ಮೊದಲ ಅಧ್ಯಾಯ ಓದಿದೆ. ವಾಕ್ಯಗಳು ಪಾದ್ರಿಯ ಅಂಗಿಯಂತೆ — ಉದ್ದ, ಗಂಜಿ ಹಾಕಿದ್ದು, ಮೇಲಿಂದ ಕೆಳಗೆ ಗುಂಡಿ.

ಜನವರಿ 15, ಬುಧವಾರ

ಮುರಳಿಮೋಹನ್ ಕೊಟ್ಟ ಕಟ್ಟನ್ನು ಮತ್ತೆ ಬಿಚ್ಚಿದೆ.

ಪ್ರಿಂಟುಗಳ ಮಧ್ಯೆ ಒಂದು ಚಿತ್ರ. ಹಿಮದಲ್ಲಿ ಮರದ ತೊಗಟೆಯ ಗುಡಿಸಲು. ಬಾಗಿಲಲ್ಲಿ ಒಬ್ಬ ಮನುಷ್ಯ. ಎತ್ತರ. ತಲೆಯಲ್ಲಿ ಮೂರು ಗರಿ, ಒಂದು ಮುರಿದಿದೆ.

ಗರಿ ಚಾಚಾ!

ಇದು ನಮ್ಮ ಪುಸ್ತಕ. ನಾನು ಐದು ವರ್ಷದವಳಿದ್ದಾಗ ಅಬ್ಬಾ ರೇಷ್ಮೆ ಲಡಿ ಸುತ್ತಲು ರದ್ದಿ ಕಾಗದ ತರುತ್ತಿದ್ದರು. ಆ ಮೂಟೆಯಲ್ಲಿ ಬಂದದ್ದು. ರಟ್ಟಿಲ್ಲ, ಹೆಸರಿನ ಪುಟವಿಲ್ಲ. ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಇಲ್ಲ. ಭಾಯಿ ಚಿತ್ರ ನೋಡಿ ಕಥೆ ಕಟ್ಟುತ್ತಿದ್ದ. ಕೈ ನೂಲಿನ ಮೇಲೆ, ಕಣ್ಣು ಚಿತ್ರದ ಮೇಲೆ, ನಾನು ಅವನ ಮಂಡಿಯ ಪಕ್ಕ. ಶೆಡ್ಡಿನ ಹೆಂಗಸರೆಲ್ಲ ಕೇಳುತ್ತಿದ್ದರು.

ಆದರೆ ಇಲ್ಲಿ ಚಿತ್ರಗಳು ತಲೆಕೆಳಗು. ತಲೆಕೆಳಗಲ್ಲ — ಹಿಂದುಮುಂದು. ಭಾಯಿಯ ಕಥೆ ಮುಗಿಯುತ್ತಿದ್ದ ಚಿತ್ರ ಇಲ್ಲಿ ಮೊದಲನೆಯದು. ಅವನು ಶುರು ಮಾಡುತ್ತಿದ್ದದ್ದು ಇಲ್ಲಿ ಕೊನೆ.

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು, ಇಂಗ್ಲಿಷ್ ಲೆಕ್ಚರರ್‌ಗೆ. ಉರ್ದು ಶಾಲೆಯ ಹುಡುಗ. ಪುಸ್ತಕವನ್ನು ಬಲಗಡೆಯಿಂದ ತೆರೆದ. ಪುಸ್ತಕ ತೆರೆಯುವುದೇ ಹಾಗೆ ಅಲ್ಲವೇ, ಅವನ ಪ್ರಪಂಚದಲ್ಲಿ?

ಜನವರಿ 16, ಗುರುವಾರ

ಪ್ರಿಂಟು ತೋರಿಸಿದೆ. ಭಾಯಿ ಬಹಳ ಹೊತ್ತು ನೋಡಿದ. ಆಮೇಲೆ ಮಂಚದ ಕೆಳಗೆ ಬೆರಳು ತೋರಿಸಿದ. ಟ್ರಂಕು. ಅದರಲ್ಲಿ ಅಮ್ಮಿಯ ದುಪಟ್ಟಾದಲ್ಲಿ ಸುತ್ತಿ ಅದೇ ಪುಸ್ತಕ! ಇಷ್ಟು ವರ್ಷ ಇಟ್ಟಿದ್ದಾನೆ, ಹೇಳಿಲ್ಲ. ಹಾಳೆಗಳಲ್ಲಿ ಇನ್ನೂ ಆ ವಾಸನೆ — ಬೆಂದ ಹುಳದ್ದು.

ಭಾಯಿ ಹೇಳುತ್ತಿದ್ದ ಕಥೆ ಹೀಗೆ. ಮೊದಲು ಬರೀ ಬೂದಿ. ಒಂದು ಕಂಬ, ಕಾಗೆಗಳು. ಆಮೇಲೆ ಆಕಾಶದಿಂದ ಒಳ್ಳೇ ಬೆಂಕಿ ಇಳಿಯುತ್ತದೆ, ಬೂದಿಯಿಂದ ಗುಡಿಸಲು ಕಟ್ಟಿಕೊಡುತ್ತದೆ. ಗರಿ ಚಾಚಾ ನೆಲದ ಮೇಲೆ ಸತ್ತು ಬಿದ್ದಿದ್ದಾನೆ. ಮುಂದಿನ ಹಾಳೆಯಲ್ಲಿ ಎದ್ದು ನಿಲ್ಲುತ್ತಾನೆ, ಗುಂಡು ಅವನ ಎದೆಯಿಂದ ಕೋವಿಯೊಳಕ್ಕೆ ಹೆದರಿ ಓಡುತ್ತದೆ. ಸಿಪಾಯಿಗಳು ಅವನಿಗೆ ಬೆನ್ನು ತೋರಿಸುವ ಧೈರ್ಯವಿಲ್ಲದೆ ಹಿಂದಹಿಂದಕ್ಕೆ ನಡೆದು ಕಾಡು ದಾಟುತ್ತಾರೆ. ಜೊತೆಗಿದ್ದ ನಗಾರಿ ಹುಡುಗ ಚಾಚಾನ ಗುಡಿಸಲಿಗೆ ಬರುತ್ತಾನೆ, ಬಿಸಿ ಗಂಜಿ ಸಿಗುತ್ತದೆ. ಕೊನೆಗೆ ಎಲ್ಲರೂ ಹಡಗು ಹತ್ತುತ್ತಾರೆ. ಹಡಗು ಚಿಕ್ಕದಾಗುತ್ತದೆ. ಚುಕ್ಕಿ. ಖಾಲಿ ಸಮುದ್ರ. ಅಲ್ಲಾ ಅಲ್ಲಾ ಖೈರ್ ಸಲ್ಲಾ, ಅಲ್ಲಿಗೆ ಕಥೆ ಮುಗಿಯಿತು.

"ಮುಸ್ಸು," ಎಂದ ಭಾಯಿ. ನನ್ನ ಪೂರ್ತಿ ಹೆಸರು ಮುಸರ್ರತ್; ಅವನ ಬಾಯಲ್ಲಿ ಎಂದೂ ಪೂರ್ತಿ ಬಂದಿಲ್ಲ. "ಚಿತ್ರದ ಕೆಳಗೆ ಇಷ್ಟೊಂದು ಅಕ್ಷರ ಇದೆ. ಏನು ಬರೆದಿದಾನೋ ಆ ಗೋರಾ? ಓದಿ ಹೇಳು. ಒಂದೂ ಬಿಡಬೇಡ."

"ಓದ್ತೀನಿ ಬಿಡು."

"ಬೇಗ ಓದು." ಯಂತ್ರದ ಕಡೆ ನೋಡಿದ. "ಇದು ಗುಳುಗುಳು ಅನ್ನೋವರೆಗೆ."

ಜನವರಿ 27, ಸೋಮವಾರ

ಹಗಲು ಕಾಲೇಜು. ಸಂಜೆ ಭಾಯಿಗೆ ಒಂದಷ್ಟು ಪುಟ. ಬಾಯಲ್ಲಿ ಹೇಳಿದ್ದನ್ನು ಆಮೇಲೆ ಕನ್ನಡದಲ್ಲಿ ಬರೆಯುವುದು.

ಕೇಳುವವರು ಇಬ್ಬರು. ಇನ್ನೊಬ್ಬಳು ಗಂಗುಲಮ್ಮ, ಜಂಗಮಕೋಟೆಯವಳು. ಹುಡುಗಿಯಾಗಿದ್ದಾಗಿನಿಂದ ನಮ್ಮ ಶೆಡ್ಡಿನಲ್ಲಿ ಗೂಡು ಬೇಯಿಸಿದವಳು. ಶೆಡ್ ಮುಚ್ಚಿತು, ಅವಳು ಬರುವುದು ನಿಲ್ಲಿಸಲಿಲ್ಲ. ಬಾಗಿಲ ಬಳಿ ಕೂತು ಸೊಪ್ಪು ಬಿಡಿಸುತ್ತಾಳೆ.

"ಏನ್ ಮೇಡಮ್ಮಾ, ಇದು ಬಾಬಣ್ಣನ ಕಥೆ ಅಲ್ವೇ ಅಲ್ಲ. ಹಡಗು ಮೊದ್ಲೇ ಬಂದ್‌ಬಿಡ್ತಲ್ಲ!"

"ಇದು ಇಂಗ್ಲಿಷ್ ಹಡಗು ಗಂಗುಲಮ್ಮಾ. ಟೈಮಿಗೆ ಬರುತ್ತೆ."

"ನಮ್ ಹಡಗೇ ಚೆಂದ ಇತ್ತು. ಹೊರಟೋಗ್ತಿತ್ತು."

ಭಾಯಿಗೆ ಹಿಗ್ಗು. ನಥಾನಿಯಲ್‌ಗೆ ಹಿಮದಲ್ಲಿ ಜ್ವರ ಬರುತ್ತದೆ. ಗರಿ ಚಾಚಾ ಅವನನ್ನು ಹೊತ್ತು ತಂದು ಚಳಿಗಾಲವೆಲ್ಲ ಮನೆಯಲ್ಲಿಟ್ಟು ಸಾಕುತ್ತಾನೆ. ಓಬಳಪ್ಪ ಅವನಿಗೆ ಹೆಸರು ಕೊಟ್ಟಿಲ್ಲ, ಬರೀ 'ಮುದಿ ಕಾಡಾಡಿ' ಎನ್ನುತ್ತಾನೆ. ನಾನು ಗರಿ ಚಾಚಾ ಎಂದೇ ಓದುತ್ತೇನೆ. ಇಷ್ಟು ಲಂಚ ಭಾಷಾಂತರದಲ್ಲಿ ಮಾಮೂಲು.

"ನೋಡಿದ್ಯಾ," ಎಂದ ಭಾಯಿ. "ಗಂಜಿ ಕೊಟ್ಟ ಅಂತ ನಾನು ಹೇಳ್ಲಿಲ್ವಾ? ಅಕ್ಷರ ಬರದೇನೇ ಹೇಳಿದ್ದೆ."

ಫೆಬ್ರವರಿ 9, ಭಾನುವಾರ

ಲೇಖಕರ ಪರಿಚಯಕ್ಕೆಂದು ಮುನ್ನುಡಿ ಓದಿದೆ. ನಮ್ಮ ಹರಿದ ಪ್ರತಿಯಲ್ಲಿ ಇರಲಿಲ್ಲ, ಪ್ರಿಂಟಿನಲ್ಲಿದೆ. ಬರೆದವಳು ಟ್ರಾಸ್ಕ್‌ನ ತಂಗಿ.

ಓಬಳಪ್ಪ ಶಾಲೆ ಮೇಷ್ಟ್ರು. ಎದೆಯ ರೋಗ. ಕೆಲಸ ಬಿಟ್ಟು ಮಲಗಿದ. ಮಲಗಿದಲ್ಲಿಂದಲೇ ಹುಡುಗರಿಗೆ ಕಥೆ ಹೇಳಿದ, ತಂಗಿ ಬರೆದುಕೊಂಡಳು. ಕಾಡು ಕಂಡವನಲ್ಲ, ಕೋವಿ ಹಿಡಿದವನಲ್ಲ. ಅಜ್ಜನ ಕಾಲದ ಯುದ್ಧಗಳನ್ನು ದಿಂಬಿಗೆ ಒರಗಿ ಗೆದ್ದ. ಈ ಪುಸ್ತಕದ ಕೊನೆಯ ಅಧ್ಯಾಯ ಹೇಳಿ ಮುಗಿಸಿದ ವಾರದಲ್ಲೇ ಹೋದ. "ನನ್ನ ಅಣ್ಣ ಹೇಳಿದ್ದನ್ನು ಒಂದಕ್ಷರವೂ ಬದಲಿಸದೆ ಬರೆದಿದ್ದೇನೆ" ಎಂದು ತಂಗಿಯ ಹೆಮ್ಮೆ.

ಎದ್ದು ಒಂದು ಲೋಟ ನೀರು ಕುಡಿದೆ. ಕೆಳಗಿನ ಕೋಣೆಯಲ್ಲಿ ಭಾಯಿಯ ಯಂತ್ರದ ಗುಳುಗುಳು.

ಆಮೇಲೆ ಕೂತು ಕೊನೆಯವರೆಗೂ ಒಂದೇ ಗುಕ್ಕಿನಲ್ಲಿ ಓದಿದೆ. ಓದಬಾರದಿತ್ತು.

ಹುಡುಗ ವಾಸಿಯಾಗಿ ಸಿಪಾಯಿಗಳ ಬಳಿ ಮರಳುತ್ತಾನೆ. ಹೆಪ್ಪುಗಟ್ಟಿದ ಹೊಳೆಯ ಮೇಲೆ ಆ ಹಳ್ಳಿಗೆ ಹೋಗುವ ದಾರಿ ಅವನಿಗೆ ಮಾತ್ರ ಗೊತ್ತು. ತೋರಿಸುತ್ತಾನೆ. ಬೆಳಗಿನ ಜಾವ. ಯಾರನ್ನೂ ಬಿಡುವುದಿಲ್ಲ. ಮಕ್ಕಳ ಪುಸ್ತಕ, ಹಾಗಾಗಿ ರಕ್ತ ಕಡಿಮೆ, ಪ್ರಾರ್ಥನೆ ಜಾಸ್ತಿ. ಹುಡುಗನಿಗೆ ಬೆಳ್ಳಿಯ ಗುಂಡಿ ಇರುವ ಕೋಟು ಬಹುಮಾನ.

ಭಾಯಿ ಗರಿ ಚಾಚಾನನ್ನು ಜೀವಮಾನವಿಡೀ ನಿಲ್ಲಿಸಿಟ್ಟಿದ್ದಾನೆ. ಅವನ ಕೊನೆಯ ದಿನಗಳಲ್ಲಿ ನಾನು ಹೋಗಿ ಕೆಡವಬೇಕೇ? ಕೆಡವದೆ ಇದ್ದರೆ, ಓದು ಎಂದವನಿಗೆ ಮೋಸ. ಭಾಷಾಂತರಕಾರರಿಗೆಲ್ಲ ಮೂಲದ ಭಯ ಎಂದು ಕ್ಲಾಸಿನಲ್ಲಿ ಜೋಕು ಹೊಡೆಯುತ್ತೇನೆ. ಹುಡುಗಿಯರು ನಗುತ್ತಾರೆ.

ಫೆಬ್ರವರಿ 11

ಓದಲಿಲ್ಲ. ಗಂಟಲು ನೋವು ಎಂದೆ.

ಫೆಬ್ರವರಿ 13

ಗಂಟಲು ನೋವು.

"ನಿನ್ನ ಗಂಟಲಿಗೆ ಆದ್ರೂ ನನ್ನ ಯಂತ್ರ ಹಾಕ್ಕೋ," ಎಂದ ಭಾಯಿ.

ಮಾರ್ಚ್ 1, ಶನಿವಾರ

ಬರೆಯಲಾಗಲಿಲ್ಲ. ಆಸ್ಪತ್ರೆ. ಐಸಿಯು ಎಂಬ ಬಿಳೀ ಕೋಣೆಯ ಹೊರಗೆ ಪ್ಲಾಸ್ಟಿಕ್ ಕುರ್ಚಿ, ಭಾಭಿಯ ತಸ್ಬೀಹ್ ಮಣಿಗಳ ಸದ್ದು.

ಇವತ್ತು ಮನೆಗೆ ಕರೆತಂದೆವು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಪಕ್ಕಕ್ಕೆ ಕರೆಯುವ ಡಾಕ್ಟರು ಒಳ್ಳೆಯದನ್ನು ಹೇಳಿದ್ದು ಯಾವ ಸಾಹಿತ್ಯದಲ್ಲೂ ಇಲ್ಲ.

"ಮನೇಲೇ ಇರ್ಲಿ ಮೇಡಂ. ಅವರು ಏನು ಕೇಳ್ತಾರೋ ಕೊಡಿ."

ಅವನು ಕೇಳುತ್ತಿರುವುದು ಒಂದೇ.

ಮಾರ್ಚ್ 4, ಮಂಗಳವಾರ

ರಂಜಾನ್ ಶುರುವಾಗಿದೆ. ಭಾಯಿಗೆ ಉಪವಾಸ ಕೂಡದು. ಇಫ್ತಾರಿಗೆ ಮೊದಲು ನೀರು ಕುಡಿಯಬೇಕಾದಾಗೆಲ್ಲ ಗೋಡೆಯ ಕಡೆ ತಿರುಗಿ ಕುಡಿಯುತ್ತಾನೆ.

ಭಾಭಿ ಬೆಳಿಗ್ಗೆ ಮುರುಗಮಲ್ಲದ ದರ್ಗಾಕ್ಕೆ ಹೋಗಿ ಬಂದಳು. ದಾರ ತಂದು ಅವನ ಕೈಗೆ ಕಟ್ಟಿದಳು. ಆಮೇಲೆ ನನ್ನನ್ನು ಮೆಟ್ಟಿಲ ಕೆಳಗೆ ತಡೆದಳು.

"ಆ ಕಿತಾಬಿನಲ್ಲಿ ಅವನು ಸಾಯ್ತಾನಾ?"

"ಯಾರು?"

"ನನ್ನ ಹತ್ರ ಕಾಲೇಜು ಆಟ ಆಡಬೇಡ. ಗರಿ ಇರೋನು."

ಹೂಂ ಎಂದೆ.

"ಸಾಯಿಸಬೇಡ. ಪತ್ರಿಕೆಗೆ ಸಾವಿರ ಸುಳ್ಳು ಬರೆದು ಜನಾನ ನಗಿಸ್ತೀಯ. ನನ್ನ ಗಂಡನಿಗೋಸ್ಕರ ಒಂದು ಬರಿ."

"ಅವನು ಏನು ಬರೆದಿದೆಯೋ ಅದೇ ಬೇಕು ಅಂತಾನೆ ಭಾಭಿ."

"ಅವರು ಬಿರಿಯಾನಿನೂ ಬೇಕು ಅಂತಾರೆ. ಕೊಡ್ತೀನಾ?"

ಮಾತಿನಲ್ಲಿ ನನ್ನನ್ನು ಸೋಲಿಸುವವಳು ಜಿಲ್ಲೆಯಲ್ಲಿ ಇವಳೊಬ್ಬಳೇ.

ಮಾರ್ಚ್ 12, ಬುಧವಾರ

ಮುರಳಿಮೋಹನ್‌ಗೆ ಫೋನಿನಲ್ಲಿ ಕಥೆಯ ಕೊನೆ ಹೇಳಿದೆ.

"ಮೇಡಂ, ಇದು ಶಾಲೆ ಲೈಬ್ರರಿಗೆ ಹೋಗೋ ಪುಸ್ತಕ. ಎಂಡಿಂಗ್ ಸ್ವಲ್ಪ ಪಾಸಿಟಿವ್ ಮಾಡಿ. ಎಲ್ಲಾ ಫ್ರೆಂಡ್ಸ್ ಆಗ್ಲಿ. ಕೈ ಕುಲುಕ್ಲಿ."

"ಯಾರ ಕೈ? ಸತ್ತವರದ್ದಾ?"

"ಹಾಗಲ್ಲ ಮೇಡಂ…"

ಎಲ್ಲರೂ ಒಳ್ಳೆಯವರು. ಎಲ್ಲರೂ ಗರಿ ಚಾಚಾನನ್ನು ಉಳಿಸಲು ಹೊರಟಿದ್ದಾರೆ, ಎರಡು ಶತಮಾನ ತಡವಾಗಿ.

ಮಾರ್ಚ್ 16, ಭಾನುವಾರ

ಸುಳ್ಳು ಹೇಳಿದೆ.

ಸಂಜೆ, ಇಫ್ತಾರ್ ಮುಗಿದ ಮೇಲೆ. ಭಾಯಿಯ ಮಡಿಲಲ್ಲಿ ಹಳೇ ಪುಸ್ತಕ, ನನ್ನ ಕೈಯಲ್ಲಿ ಪ್ರಿಂಟು. ಭಾಭಿ ಗೋಡೆಗೆ ಒರಗಿ ಕೂತಿದ್ದಾಳೆ, ಗಂಗುಲಮ್ಮ ಬಾಗಿಲಲ್ಲಿ. ಸಿಪಾಯಿಗಳಿಗೆ ಹಿಮದಲ್ಲಿ ದಾರಿ ತಪ್ಪಿತು ಎಂದೆ. ತಿರುಗಿ ಹೋದರು ಎಂದೆ. ವಾಕ್ಯವೂ ಚೆನ್ನಾಗಿಯೇ ಬಂತು, ಓಬಳಪ್ಪನದಕ್ಕಿಂತ ಚೆನ್ನಾಗಿ.

ಭಾಯಿ ಹಾಳೆ ತಿರುಗಿಸಿ ಒಂದು ಚಿತ್ರದ ಮೇಲೆ ಬೆರಳಿಟ್ಟ.

"ಹಾಗಾದ್ರೆ ಇಲ್ಲಿ ಮಲಗಿರೋನು ಯಾರು?"

"ಚಾಚಾ. ನಿದ್ದೆ ಮಾಡ್ತಿದಾನೆ."

"ಎದೇಲಿ ತೂತು ಇಟ್ಕೊಂಡಾ?"

ಯಾರೂ ನಗಲಿಲ್ಲ. ಅವನೊಬ್ಬನೇ ನಕ್ಕ, ಕೆಮ್ಮಿದ, ಭಾಭಿ ಬೆನ್ನು ನೀವಿದಳು. ಸುಧಾರಿಸಿಕೊಂಡು ಹೇಳಿದ. ಒಟ್ಟಿಗೆ ಅಲ್ಲ, ತುಂಡು ತುಂಡಾಗಿ. ನಾನು ಜೋಡಿಸಿ ಬರೆಯುತ್ತಿದ್ದೇನೆ.

"ಮೊದಲನೇ ಸಲ ತೆರೆದಾಗ ನನಗೆ ಗೊತ್ತಿರಲಿಲ್ಲ. ಆಮೇಲೆ ಗೂಡು ಮಾರೋಕೆ ಒಬ್ಬ ಮೇಷ್ಟ್ರು ಬಂದಿದ್ರು. ಈ ಪುಸ್ತಕ ಆ ಕಡೆಯಿಂದ ಶುರು ಕಣಪ್ಪಾ ಅಂದ್ರು. ಅವತ್ತು ಸಾಯಂಕಾಲ ನಿನಗೆ ಸರಿಯಾದ ಕಡೆಯಿಂದ ತೋರಿಸಿದೆ. ಹಡಗು ಬಂತು, ಚಾಚಾ ಬಿದ್ದ, ಎಲ್ಲಾ ಬೂದಿ ಆಯ್ತು. ನೀನು ಊಟ ಬಿಟ್ಟೆ. ನೀರೂ ಕುಡೀಲಿಲ್ಲ. ಅಮ್ಮಿ ನನಗೆ ಸೌಟಲ್ಲಿ ಹೊಡೆದ್ರು. ಮಾರನೇ ದಿನ ಮತ್ತೆ ತಿರುಗಿಸಿದೆ. ಚಾಚಾ ಎದ್ದ. ನೀನು ಉಂಡೆ."

ನನಗೆ ನೆನಪಿಲ್ಲ. ಒಂದು ಚೂರೂ ನೆನಪಿಲ್ಲ.

"ನನಗೆ ಗೊತ್ತು ಅವನು ಸಾಯ್ತಾನೆ ಅಂತ," ಎಂದ ಭಾಯಿ. "ಹೇಗೆ ಸತ್ತ, ಯಾಕೆ ಸತ್ತ, ಅದು ಗೊತ್ತಿಲ್ಲ. ಇಷ್ಟು ವರ್ಷ ನಾನು ಹೇಳಿದೆ. ಬರೆದೋನು ಏನು ಹೇಳಿದ ಅಂತ ಕೇಳ್ದೇನೇ ಹೋಗ್ಲಾ?"

ಭಾಭಿ ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದು. ತೊಳೆದದ್ದನ್ನೇ ತೊಳೆಯುತ್ತಿದ್ದಳು.

ಮಾರ್ಚ್ 17

ಕಾಲೇಜಿಗೆ ರಜೆ ಹಾಕಿದೆ.

ಮಾರ್ಚ್ 21, ಶುಕ್ರವಾರ

ಓದಿದೆ. ಮುಗಿಯಿತು.

ಮೂರು ಸಂಜೆ ಹಿಡಿಯಿತು. ಅವನಿಗೆ ಎಚ್ಚರವಿರುವುದೇ ಸ್ವಲ್ಪ ಹೊತ್ತು. ಏನೂ ಬಿಡಲಿಲ್ಲ. ಒಂದು ಕಡೆ 'ಮುದಿ ಕಾಡಾಡಿ' ಎಂದೇ ಓದಿದೆ, ಓಬಳಪ್ಪ ಬರೆದಂತೆ. ಗಂಗುಲಮ್ಮ "ಥೂ" ಎಂದಳು.

ದಾರಿ ತೋರಿಸಿದ್ದು ನಗಾರಿ ಹುಡುಗ ಎಂಬಲ್ಲಿ ಭಾಯಿ ಕೈ ಎತ್ತಿದ.

"ಅದೇ ಹುಡುಗಾನಾ? ಗಂಜಿ ಕುಡಿದೋನು?"

"ಅವನೇ."

"ಓದು."

ಓದಿದೆ: 'ಮುದುಕನು ಹುಡುಗನನ್ನು ಗುರುತಿಸಿ ಬಾಗಿಲಿಂದ ಕೈ ಚಾಚಿದನು. ಆಗ ಕೋವಿ ಸಿಡಿಯಿತು. ನಥಾನಿಯಲ್ ತಲೆ ತಗ್ಗಿಸಿದನು. ಬಳಿಕ ತನ್ನ ಕರ್ತವ್ಯವನ್ನು ನೆನೆದು ನಗಾರಿಯನ್ನು ಬಾರಿಸಿದನು.'

"ಆಮೇಲೆ?"

"ಆಮೇಲೆ ಬೆಂಕಿ ಹಚ್ಚಿದ್ರು."

"ಚಾಚಾ ಬಗ್ಗೆ?"

"ಅಷ್ಟೇ ಭಾಯಿ."

"ಗಂಜಿ ವಿಷಯ? ಆ ಹುಡುಗ ನೆನೆಸ್ಕೊಳ್ಳಲ್ವಾ?"

"ಗಂಜಿ ಬಗ್ಗೆ ಇನ್ನೇನೂ ಬರೆದಿಲ್ಲ."

ಗಂಗುಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ನನಗೆ ಓಬಳಪ್ಪನ ಕತ್ತು ಹಿಸುಕುವಷ್ಟು ಸಿಟ್ಟು. ಆ ತಂಗಿಯ ಮೇಲೆ ಇನ್ನೂ ಜಾಸ್ತಿ — ಒಂದಕ್ಷರ ಬದಲಿಸಬಾರದಿತ್ತೇ, ಮಹಾತಾಯಿ? ಒಂದು ಸಾಲು ಸೇರಿಸಬಾರದಿತ್ತೇ? ಅಂದೆ, ಜೋರಾಗಿಯೇ. ಅವಳ ವಿಷಯ, ಅವಳ ಅಣ್ಣ ಮಲಗಿಕೊಂಡು ಹೇಳಿದ್ದು, ಎದೆಯ ರೋಗ, ಹೇಳಿ ಮುಗಿಸಿದ ವಾರ ಹೋದದ್ದು, ಎಲ್ಲ ಹೇಳಿಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಭಾಯಿ ಕಣ್ಣು ಮುಚ್ಚಿದ್ದ.

"ಅವನಿಗೂ ಎದೇನಾ?"

"ಹೂಂ."

"ಅದಕ್ಕೇ," ಎಂದ. ಉಸಿರು ಎಳೆದುಕೊಂಡು ಮುಂದುವರಿಸಿದ: "ಗೂಡಿನ ಕೊನೇ ಎಳೆ ಯಾವಾಗ್ಲೂ ತೆಳ್ಳಗಿರುತ್ತೆ ಮುಸ್ಸು. ಹುಳದ ಹತ್ರ ನೂಲು ಮುಗಿದಿರುತ್ತೆ. ಬಾರಿಸಿದನು, ಹಚ್ಚಿದರು, ಅಂತ ಬೇಗ ಬೇಗ ಹೇಳಿದಾನೆ ನೋಡು. ಉಸಿರು ಸಾಲ್ಲಿಲ್ಲ ಪಾಪ."

ಪಾಪವಂತೆ! ನಾನು ಪಾಪ ಎನ್ನಲಾರೆ. ಇವತ್ತಲ್ಲ.

ಮಾರ್ಚ್ 22, ಶನಿವಾರ

ಭಾಯಿಗೆ ಏನೂ ಆಗಲಿಲ್ಲ ಎಂದುಕೊಂಡಿದ್ದೆ. ಬೆಳಿಗ್ಗೆಯಿಂದ ಊಟ ಮುಟ್ಟಿಲ್ಲ. ಭಾಭಿ ಚಮಚ ಹಿಡಿದು ಕೂತವಳು ನನ್ನ ಕಡೆ ತಿರುಗಿ ಹೇಳಿದ್ದು ಒಂದೇ ಮಾತು:

"ಸಮಾಧಾನ ಆಯ್ತಾ?"

ಮಾರ್ಚ್ 23, ಭಾನುವಾರ

ಇವತ್ತೂ ಇಲ್ಲ. ನೀರು, ಒಂದು ಗುಟುಕು. ಕಣ್ಣು ಚಾವಣಿಯ ಮೇಲೆ.

ಪುಸ್ತಕ ಮಂಚದ ಮೇಲೆ ಮುಚ್ಚಿಯೇ ಇದೆ. ಐದು ವರ್ಷದ ಹುಡುಗಿ ಊಟ ಬಿಟ್ಟಾಗ ಹದಿನೈದರ ಹುಡುಗನಿಗೆ ಏನು ಮಾಡಬೇಕೆಂದು ತಿಳಿದಿತ್ತು. ಈಗ ನಾನು ಎಂ.ಎ., ಎಂ.ಫಿಲ್.

ಮಾರ್ಚ್ 24, ಸೋಮವಾರ

ಪುಸ್ತಕ ತೆಗೆದುಕೊಂಡೆ. ಬಲಗಡೆಯಿಂದ ತೆರೆದೆ. ಬೂದಿ, ಕಂಬ, ಕಾಗೆ.

ಭಾಯಿ ಕತ್ತು ತಿರುಗಿಸಿದ.

ಚಿತ್ರ ನೋಡಿ ಹೇಳಲಿಲ್ಲ. ಅದು ಅವನ ಕಥೆ. ನಾನು ಓಬಳಪ್ಪನದನ್ನೇ ಓದಿದೆ, ಕೊನೆಯ ವಾಕ್ಯದಿಂದ ಹಿಂದಕ್ಕೆ, ಒಂದೊಂದಾಗಿ, ಬೇಕಾದ ಕಡೆ ಕ್ರಿಯಾಪದವನ್ನಷ್ಟೇ ತಿರುಗಿಸಿ, ಬೇರೇನನ್ನೂ ಸೇರಿಸದೆ. ಕೋಟಿನ ಬೆಳ್ಳಿ ಗುಂಡಿಗಳನ್ನು ಬಿಚ್ಚಿ ವಾಪಸು ಕೊಟ್ಟದ್ದಾಯಿತು. ಬೆಂಕಿ ಆರಿತು. ಹುಡುಗ ನಗಾರಿ ಬಾರಿಸಿದ. ಕರ್ತವ್ಯ ನೆನೆದ. ತಗ್ಗಿಸಿದ್ದ ತಲೆ ಎತ್ತಿದ. ಕೋವಿ ಸುಮ್ಮನಾಯಿತು. ಚಾಚಾ ಬಾಗಿಲಲ್ಲಿ ಕೈ ಚಾಚಿ ನಿಂತಿದ್ದ.

ಕರ್ತವ್ಯ ನೆನೆದು ತಲೆ ಎತ್ತಿದನು! ತಿರುಗಿದ್ದು ಒಂದೇ ಪದ. ಬೇರೆ ಹುಡುಗ.

"ಎದ್ನಾ?" ಎಂದಳು ಗಂಗುಲಮ್ಮ ಬಾಗಿಲಿಂದ.

"ಎದ್ದ."

"ಕಾಗೆ ಹಾಡಿಸ್ಲಿಲ್ಲ ನೀವು. ಬಾಬಣ್ಣ ಹೇಳೋವಾಗ ಕಾಗೆ ಹಾಡ್ತದೆ."

ಭಾಯಿ ತುಟಿ ಅಲ್ಲಾಡಿಸಿದ. ಬಗ್ಗಿ ಕಿವಿ ಕೊಟ್ಟೆ.

"ಕಾ," ಎಂದ.

ಆಮೇಲೆ ಭಾಭಿ ಕೊಟ್ಟ ಗಂಜಿ ಕುಡಿದ. ಅರ್ಧ ಬಟ್ಟಲು. ಭಾಭಿ ನನ್ನ ಕಡೆ ನೋಡಲಿಲ್ಲ. ನನ್ನ ತಟ್ಟೆಗೆ ಮಾತ್ರ ಎರಡು ಸಮೋಸ ಜಾಸ್ತಿ ಬಿತ್ತು.

ಮಾರ್ಚ್ 27, ಗುರುವಾರ

ಸಿಪಾಯಿಗಳು ಹಿಂದಕ್ಕೆ ನಡೆಯುತ್ತಿದ್ದಾರೆ. ದಿನಕ್ಕೆ ಒಂದೆರಡು ಪುಟ. ನಿಧಾನ.

ಹುಡುಗ ಗುಡಿಸಲಿಗೆ ಬಂದ. ಗಂಜಿ ಸಿಕ್ಕಿತು. ಆಮೇಲೆ ಜ್ವರ ಬಂತು.

ಭಾಯಿಯ ಕಾಲು ಊದಿದೆ. ಉಗುರು ನೀಲಿ. ಆಸ್ಪತ್ರೆಗೆ ಹೋಗೋಣವಾ ಎಂದರೆ ಬೇಡವೆಂದು ತಲೆಯಾಡಿಸುತ್ತಾನೆ, ಪುಸ್ತಕ ತೋರಿಸುತ್ತಾನೆ.

ಮುರಳಿಮೋಹನ್ ಮೆಸೇಜು: 'ಎಂಡಿಂಗ್ ಏನಾಯ್ತು ಮೇಡಂ?' ಉತ್ತರ ಕೊಟ್ಟೆ: 'ನನ್ನ ಅನುವಾದದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಹಾಕುವುದಾದರೆ ಹಾಕು.'

ಮಾರ್ಚ್ 29, ಶನಿವಾರ

ಒಂದು ವಿಷಯ ಮೊದಲೇ ಹೊಳೆಯಬೇಕಿತ್ತು. ಈ ಕಡೆಯಿಂದ ಓದಿದರೂ ಪುಸ್ತಕ ಮುಗಿಯುತ್ತದೆ.

ಇವತ್ತು ಬರೀ ಒಂದು ಪುಟ ಓದಿದೆ. ಗಂಟಲು ನೋವು ಎಂದೆ. ಅವನಿಗೆ ಗೊತ್ತಾಯಿತು. ಬೆರಳು ಎತ್ತಿ ಎಚ್ಚರಿಸಿದ, ಶೆಡ್ಡಿನಲ್ಲಿ ಎಳೆ ಕಡಿದವರನ್ನು ಎಚ್ಚರಿಸುತ್ತಿದ್ದ ಹಾಗೆ.

ಮಾರ್ಚ್ 30, ಭಾನುವಾರ. ಯುಗಾದಿ. ಸಂಜೆ

ಗಂಗುಲಮ್ಮ ಬೆಳಿಗ್ಗೆ ಬೇವು ಬೆಲ್ಲ ತಂದಿದ್ದಳು. ಭಾಯಿಯ ತುಟಿಗೆ ಬೆಲ್ಲವನ್ನಷ್ಟೇ ಸವರಿದಳು. "ಬೇವು ಬ್ಯಾಡ ಬಾಬಣ್ಣಾ, ನಿಮ್ಮತ್ರ ಬೇಕಾದಷ್ಟಿದೆ." ಅವನು ಕಣ್ಣಲ್ಲೇ ನಕ್ಕ. ಅವಳು ಹಬ್ಬದ ದಿನ ಮನೆಗೆ ಹೋಗಿಲ್ಲ. ಬಾಗಿಲಲ್ಲೇ ಇದ್ದಾಳೆ.

ಮಧ್ಯಾಹ್ನದಿಂದ ಮಾತಿಲ್ಲ. ಯಂತ್ರ ಪೂರ್ತಿ ಹೆಚ್ಚಿಸಿದ್ದೇವೆ. ಭಾಭಿ ತಲೆಯ ಬಳಿ ಕೂತು ಕುರಾನಿನ ಯಾಸೀನ್ ಅಧ್ಯಾಯ ಓದುತ್ತಿದ್ದಾಳೆ, ಪಿಸುದನಿಯಲ್ಲಿ. ಅವಳ ಕೈಯ ಕಿತಾಬೂ ಬಲಗಡೆಯಿಂದ.

ಎಲ್ಲರೂ ಹಡಗು ಹತ್ತಿದರು ಎಂಬಲ್ಲಿವರೆಗೆ ಓದಿದ್ದೇನೆ. ಹಡಗು ಚಿಕ್ಕದಾಯಿತು. ಚುಕ್ಕಿಯಾಯಿತು. ಪುಸ್ತಕ ಅವನ ಎದೆಯ ಮೇಲೆ ತೆರೆದಿದೆ, ಏಳುತ್ತಾ ಇಳಿಯುತ್ತಾ. ಉಳಿದಿರುವುದು ಒಂದೇ ಹಾಳೆ. ಖಾಲಿ ಸಮುದ್ರ.

ಅದಕ್ಕೇ ಇದನ್ನು ಬರೆಯುತ್ತಾ ಕೂತಿದ್ದೇನೆ. ಕೈಗೆ ಪೆನ್ನು ಕೊಟ್ಟರೆ ಹಾಳೆ ತಿರುಗಿಸಬೇಕಾಗಿಲ್ಲ. ಏನಾದರೂ ಬರೆಯಬೇಕು. ಇವತ್ತು ಬಿಸಿಲು ಜಾಸ್ತಿ ಇತ್ತು. ಶಾವಿಗೆ ತರಬೇಕು ಎಂದು ಭಾಭಿ ನಿನ್ನೆ ಹೇಳಿದ್ದಳು. ತಂದಿಲ್ಲ. ಬೀದಿಯಲ್ಲಿ ಹುಡುಗರು ಮಹಡಿ ಹತ್ತಿ ಚಂದ್ರನನ್ನು ಹುಡುಕುತ್ತಿದ್ದಾರೆ. ಕಂಡನಂತೆ — ಚಾಂದ್, ಚಾಂದ್ ಎಂದು ಕೂಗು. ನಾಳೆ ಈದ್.

ಭಾಯಿ ಕಣ್ಣು ತೆರೆದ. ಕೂಗು ಕೇಳಿಸಿರಬೇಕು.

ಪುಸ್ತಕ ನೋಡಿದ. ನನ್ನನ್ನು ನೋಡಿದ. ಇರು ಭಾಯಿ, ಈ ಸಾಲು ಮುಗಿಸುತ್ತೇನೆ ಎಂದೆ. ಅವನ ಕೈ ಹಾಸಿಗೆಯ ಮೇಲೆ ಸರಿಯುತ್ತಿದೆ, ಮುರುಗಮಲ್ಲದ ದಾರದ ಸಮೇತ, ಬಹಳ ನಿಧಾನ. ಹಾಳೆಯ ಅಂಚು ಸಿಕ್ಕಿತು ಅವನಿಗೆ. ಎಳೆ ಹುಡುಕುವ ಬೆರಳು. ಅವನೇ